ಒಬ್ಬ ಆಟಗಾರ, ನಾಲ್ಕು ದೇಶ, ಒಂದೇ ಕಾಲಂ

ನಮ್ಮ ಆಫೀಸಿನಲ್ಲಿ ಒಂದ್ಸಲ ಕ್ರೀಡಾ ಕ್ವಿಜ್ ಮಾಡೋಣ ಅಂತ ತೀರ್ಮಾನವಾಯಿತು. ಶುಕ್ರವಾರ ಸಂಜೆ, ಪಿಜ್ಜಾ ಜೊತೆಗೆ. ಪ್ರಶ್ನೆ ಕೇಳೋ ಚಿಕ್ಕ ಆ್ಯಪ್ ಬರೆಯೋ ಕೆಲಸ ನನ್ನ ತಲೆಗೆ ಬಂತು. ಎಂಥ ದೊಡ್ಡ ವಿಷಯ ಅಂದುಕೊಂಡು ಟೇಬಲ್ ಡಿಸೈನ್ ಮಾಡಿದೆ. ಆಟಗಾರನಿಗೊಂದು ಐಡಿ, ಹೆಸರು, ಹುಟ್ಟಿದ ವರ್ಷ, ದೇಶ. ಒಬ್ಬ ಆಟಗಾರನಿಗೆ ಒಂದು ದೇಶ. ಇದರಲ್ಲಿ ಯೋಚನೆ ಮಾಡೋದೇನಿದೆ?

ವಿಂಬಲ್ಡನ್ ಡೇಟಾ ಹಾಕುವಾಗ ಎರರ್ ಬಂತು. ಒಬ್ಬನೇ ಮನುಷ್ಯ, ಒಂದೇ ಹುಟ್ಟಿದ ದಿನ, ಆದರೆ ದೇಶ ಮಾತ್ರ ಬೇರೆ ಬೇರೆ. 1938ರಲ್ಲಿ ಜೆಕೊಸ್ಲೊವಾಕಿಯಾ. 1939ರಲ್ಲಿ ಬೊಹೆಮಿಯಾ-ಮೊರಾವಿಯಾ. 1946ರಿಂದ 1949ರವರೆಗೆ ಮತ್ತೆ ಜೆಕೊಸ್ಲೊವಾಕಿಯಾ. 1950ರಿಂದ 1959ರವರೆಗೆ ಈಜಿಪ್ಟ್. 1960ರಲ್ಲಿ ಬ್ರಿಟನ್. ಯಾರೋ ಡೇಟಾ ಎಂಟ್ರಿಯಲ್ಲಿ ಎಡವಟ್ಟು ಮಾಡಿದ್ದಾರೆ ಅಂತ ಬೈಕೊಂಡೆ. ಆಮೇಲೆ ಹುಡುಕಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಹೆಸರು ಯಾರೊಸ್ಲಾವ್ ಡ್ರೊಬ್ನಿ. 1954ರ ವಿಂಬಲ್ಡನ್ ಚಾಂಪಿಯನ್. ಚಾಂಪಿಯನ್ನರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇರೋದು ಈಜಿಪ್ಟಿನ ಬಾವುಟ. ಆ ಬಾವುಟದ ಹೆಸರಿನಲ್ಲಿ ವಿಂಬಲ್ಡನ್ ಸಿಂಗಲ್ಸ್ ಗೆದ್ದವನು ಅವನೊಬ್ಬನೇ.

ಅದಕ್ಕಿಂತ ಮಜಾ ಇನ್ನೊಂದಿತ್ತು. ಈ ಮನುಷ್ಯನ ಹೆಸರು ಐಸ್ ಹಾಕಿ ಟೇಬಲ್ಲಿನಲ್ಲೂ ಸಿಕ್ಕಿತು. ಅಲ್ಲಿ ವಿಶ್ವ ಚಾಂಪಿಯನ್, ಒಲಿಂಪಿಕ್ ಬೆಳ್ಳಿ. ಮರಳುಗಾಡಿನ ದೇಶದ ಪಾಸ್‌ಪೋರ್ಟ್ ಇದ್ದವನಿಗೆ ಐಸ್ ಮೇಲೇನು ಕೆಲಸ? ಅವತ್ತು ರಾತ್ರಿ ಕ್ವಿಜ್ ಆ್ಯಪ್ ಅಲ್ಲಿಗೇ ನಿಂತಿತು. ನಾನು ಓದುತ್ತಾ ಕೂತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬೆಳೆದ ಹಳ್ಳಿಯಲ್ಲಿ ಐಸ್ ಅಂದರೆ ಸೈಕಲ್ ಹಿಂದಿನ ಡಬ್ಬಿಯಲ್ಲಿ ಬರುತ್ತಿದ್ದ ಐಸ್ ಕ್ಯಾಂಡಿ ಅಷ್ಟೇ. ಹಾಗಾಗಿ ಐಸ್ ಹಾಕಿಯ ಪಂಡಿತ ನಾನಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಇಷ್ಟು ಸಾಕು: ಮಂಜುಗಡ್ಡೆಯ ಅಂಗಳ, ಕಾಲಿಗೆ ಸ್ಕೇಟ್ಸ್, ಒಂದೊಂದು ಕಡೆ ಆರು ಜನ, ಚೆಂಡಿನ ಬದಲು ‘ಪಕ್’ ಅನ್ನೋ ಚಪ್ಪಟೆ ರಬ್ಬರ್ ಬಿಲ್ಲೆ. ಉಳಿದದ್ದು ನಮ್ಮ ಹಾಕಿ ಥರಾನೇ, ಹೊಡೆದಾಟ ಸ್ವಲ್ಪ ಜಾಸ್ತಿ.

ಡ್ರೊಬ್ನಿ ಹುಟ್ಟಿದ್ದು 1921ರ ಅಕ್ಟೋಬರ್ 12ರಂದು, ಪ್ರಾಗ್‌ನಲ್ಲಿ. ಅಪ್ಪ ಅಲ್ಲಿನ ಒಂದು ದೊಡ್ಡ ಟೆನಿಸ್ ಕ್ಲಬ್ಬಿನಲ್ಲಿ ಅಂಗಳ ನೋಡಿಕೊಳ್ಳೋ ಕೆಲಸದಲ್ಲಿದ್ದ. ಮಗ ಅಲ್ಲೇ ಬಾಲ್ ಬಾಯ್ ಆಗಿ ಚೆಂಡು ಹೆಕ್ಕಿಕೊಡುತ್ತಾ ಬೆಳೆದ. ಆ ಊರುಗಳ ಪದ್ಧತಿ ಏನಂದರೆ, ಬೇಸಿಗೆಯಲ್ಲಿ ಟೆನಿಸ್ ಆಡುವ ಕ್ಲಬ್ಬುಗಳೇ ಚಳಿಗಾಲ ಬಂದರೆ ಐಸ್ ಹಾಕಿ ತಂಡ ಕಟ್ಟುತ್ತಿದ್ದವು. ಪ್ರಾಗ್‌ನ ದೊಡ್ಡ ಹಾಕಿ ತಂಡದ ಹೆಸರೇ ಎಲ್‌ಟಿಸಿ, ಅಂದರೆ ಲಾನ್ ಟೆನಿಸ್ ಕ್ಲಬ್. ಹಾಗಾಗಿ ಎರಡೂ ಆಟ ಆಡೋದು ಅಲ್ಲಿ ವಿಚಿತ್ರ ಅಲ್ಲ. ಎರಡರಲ್ಲೂ ಜಗತ್ತಿನ ಮೊದಲ ಸಾಲಿಗೆ ಬರೋದು ಮಾತ್ರ ವಿಚಿತ್ರವೇ.

1938ರಲ್ಲಿ, ಹದಿನಾರನೇ ವಯಸ್ಸಿಗೆ, ಮೊದಲ ಸಲ ವಿಂಬಲ್ಡನ್‌ಗೆ ಹೋದ. ಮರುವರ್ಷ ಮಾರ್ಚ್ 15ಕ್ಕೆ ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ದೇಶದ ಹೆಸರೇ ಹೋಯಿತು. ಜೆಕ್ ಭಾಗಕ್ಕೆ ‘ಬೊಹೆಮಿಯಾ-ಮೊರಾವಿಯಾ ಸಂರಕ್ಷಿತ ಪ್ರದೇಶ’ ಅಂತ ಹೊಸ ಬೋರ್ಡ್ ಬಿತ್ತು. ಆ ವರ್ಷದ ವಿಂಬಲ್ಡನ್ ಪಟ್ಟಿಯಲ್ಲಿ ಹುಡುಗನ ಹೆಸರಿನ ಮುಂದೆ ಅದೇ ಬಂತು. ಅವನು ಊರು ಬಿಟ್ಟಿರಲಿಲ್ಲ, ಮನೆ ಬದಲಾಯಿಸಿರಲಿಲ್ಲ. ಆದರೂ ದೇಶದ ಕಾಲಂ ಬದಲಾಗಿತ್ತು. ನನ್ನ ಡೇಟಾಬೇಸಿಗೆ ಬಿದ್ದ ಮೊದಲ ಪೆಟ್ಟು ಅದು.

ಯುದ್ಧ ಮುಗಿಯುವ ಹೊತ್ತಿಗೆ ಅವನಿಗೆ ಇಪ್ಪತ್ತಮೂರು ವರ್ಷ. ಒಬ್ಬ ಆಟಗಾರ ಮೇಲೇರಬೇಕಾದ ವರ್ಷಗಳೆಲ್ಲ ಯುದ್ಧದಲ್ಲೇ ಕಳೆದಿದ್ದವು. 1946ರಲ್ಲಿ ಮತ್ತೆ ವಿಂಬಲ್ಡನ್ ಶುರುವಾದಾಗ ಅಮೆರಿಕದ ಜ್ಯಾಕ್ ಕ್ರೇಮರ್‌ನನ್ನು ಸೋಲಿಸಿ ಸೆಮಿಫೈನಲ್ ತಲುಪಿದ. ಅದಾದ ಮೇಲಿನ ಚಳಿಗಾಲದಲ್ಲಿ ಸ್ಕೇಟ್ಸ್ ಕಟ್ಟಿಕೊಂಡ.

1947ರ ಫೆಬ್ರವರಿ. ಯುದ್ಧದ ನಂತರದ ಮೊದಲ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್. ಜಾಗ ಪ್ರಾಗ್, ವಲ್ಟಾವಾ ನದಿಯ ನಡುವಿನ ಶ್ಟ್ವಾನಿತ್ಸೆ ಅನ್ನೋ ದ್ವೀಪದ ಸ್ಟೇಡಿಯಂ. ಎಂಟು ತಂಡ, ಎಲ್ಲರೂ ಎಲ್ಲರ ಜೊತೆ ಆಡಬೇಕು, ಫೈನಲ್ ಅಂತ ಬೇರೆ ಇಲ್ಲ. ಡ್ರೊಬ್ನಿ ಏಳು ಪಂದ್ಯದಲ್ಲಿ 15 ಗೋಲು ಹೊಡೆದ. ಆದರೂ ಚಿನ್ನ ಕೈತಪ್ಪುವ ಹಾಗಾಯಿತು. ಸ್ವೀಡನ್ ಇವರನ್ನು 2–1ರಿಂದ ಸೋಲಿಸಿಬಿಟ್ಟಿತು. ಇನ್ನು ಸ್ವೀಡನ್ ಆಸ್ಟ್ರಿಯಾವನ್ನು ಸೋಲಿಸಿದರೆ ಸಾಕು, ಕಪ್ ಅವರದು.

ಈ ಆಸ್ಟ್ರಿಯಾದ ಕಥೆ ಕೇಳಿ. 1938ರಲ್ಲಿ ಹಿಟ್ಲರ್ ಆ ದೇಶವನ್ನೇ ನುಂಗಿ ಜರ್ಮನಿಗೆ ಸೇರಿಸಿಕೊಂಡಿದ್ದ. ವಿಯೆನ್ನಾದ ಹಾಕಿ ಆಟಗಾರರು ಆಮೇಲೆ ಜರ್ಮನಿಯ ಅಂಗಿ ತೊಟ್ಟು ಆಡಬೇಕಾಯಿತು. 1947ರಲ್ಲಿ ಅವರಿಗೆ ತಮ್ಮ ದೇಶದ ಹೆಸರು ವಾಪಸ್ ಸಿಕ್ಕಿತ್ತು, ಆದರೆ ದೇಶ ಇನ್ನೂ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಈ ನಾಲ್ಕು ಸೇನೆಗಳ ಹಿಡಿತದಲ್ಲಿತ್ತು. ಅಂಥ ತಂಡ ಸ್ವೀಡನ್ನನ್ನು 2–1ರಿಂದ ಸೋಲಿಸಿತು. ಚಿನ್ನ ಜೆಕೊಸ್ಲೊವಾಕಿಯಾಕ್ಕೆ ಬಂತು. ಆಸ್ಟ್ರಿಯಾಕ್ಕೆ ಕಂಚು. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರಿಗೆ ಅದಾದ ಮೇಲೆ ಪದಕವೇ ಬಂದಿಲ್ಲ. ಪಕ್ಕದ ಮನೆಯವನು ಮಾಡಿದ ಉಪಕಾರದಿಂದ ಬಂದ ಚಿನ್ನ ಅದು.

ಆ ತಂಡದ ಗೋಲ್‌ಕೀಪರ್ ಬೊಹುಮಿಲ್ ಮೊಡ್ರಿ. ಡ್ರೊಬ್ನಿಗಿಂತ ಐದು ವರ್ಷ ದೊಡ್ಡವನು. ಓದಿದ್ದು ಎಂಜಿನಿಯರಿಂಗ್. ಈ ವಿಷಯ ಗೊತ್ತಾದ ಮೇಲೆ ಅವನ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ, ಸುಳ್ಳು ಯಾಕೆ ಹೇಳಲಿ. ಇವರಿಬ್ಬರ ಹೆಸರು ನೆನಪಿಟ್ಟುಕೊಳ್ಳಿ: ಡ್ರೊಬ್ನಿ ಮತ್ತು ಮೊಡ್ರಿ. ಮುಂದಿನ ಕಥೆ ಎರಡು ದಾರಿಯಾಗಿ ಒಡೆಯುತ್ತೆ.

ಮರುವರ್ಷ, 1948, ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್. ಜೆಕೊಸ್ಲೊವಾಕಿಯಾ ಮತ್ತು ಕೆನಡಾ ಪಂದ್ಯ 0–0 ಡ್ರಾ. ಕೆನಡಾದ ಎದುರು ಒಂದೂ ಗೋಲು ಬಿಡದ ಮೊಡ್ರಿಯ ಹೆಸರು ಸಮುದ್ರದಾಚೆಗೂ ಹೋಯಿತು. ಕೊನೆಗೆ ಎರಡೂ ತಂಡಕ್ಕೂ ಏಳು ಗೆಲುವು, ಒಂದು ಡ್ರಾ. ಹಾಗಾದರೆ ಚಿನ್ನ ಯಾರಿಗೆ? ಆಗಿನ ನಿಯಮದ ಪ್ರಕಾರ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಬೇಕು. ಜೆಕ್ಕರು ಹೊಡೆದದ್ದು 80, ಬಿಟ್ಟದ್ದು 18. ಕೆನಡಾ ಹೊಡೆದದ್ದು 69, ಬಿಟ್ಟದ್ದು ಬರೀ 5. ಭಾಗಿಸಿ ನೋಡಿ: ಒಂದು ಕಡೆ ನಾಲ್ಕೂವರೆಯ ಹತ್ತಿರ, ಇನ್ನೊಂದು ಕಡೆ ಹದಿಮೂರು ಚಿಲ್ಲರೆ. ಚಿನ್ನ ಕೆನಡಾಕ್ಕೆ. ಒಂದೂ ಪಂದ್ಯ ಸೋಲದೆ ಬೆಳ್ಳಿ ಹಿಡಿದು ಇವರು ಮನೆಗೆ ಬಂದರು. ಡ್ರೊಬ್ನಿ ಖಾತೆಯಲ್ಲಿ 9 ಗೋಲು.

ಒಲಿಂಪಿಕ್ಸ್ ಮುಗಿದದ್ದು ಫೆಬ್ರವರಿ 8ಕ್ಕೆ. ಫೆಬ್ರವರಿ 25ಕ್ಕೆ ಪ್ರಾಗ್‌ನಲ್ಲಿ ಕಮ್ಯುನಿಸ್ಟ್ ಪಕ್ಷ ಪೂರ್ತಿ ಅಧಿಕಾರ ಹಿಡಿಯಿತು. ಹದಿನೇಳು ದಿನ. ಹಾಕಿ ಆಟಗಾರರು ಹೊರಟಾಗ ಇದ್ದ ದೇಶ, ಅವರು ಬ್ಯಾಗ್ ಬಿಚ್ಚಿ ಬಟ್ಟೆ ಒಗೆಯುವಷ್ಟರಲ್ಲಿ ಬೇರೆಯಾಗಿತ್ತು. ಹೆಸರು ಮಾತ್ರ ಅದೇ ಇತ್ತು. ಇದು ನನ್ನ ಟೇಬಲ್ಲಿನಲ್ಲಿ ಕಾಣಿಸೋದೇ ಇಲ್ಲ.

ಇನ್ನು ಮೇಲೆ ಹೊರದೇಶಕ್ಕೆ ಹೋಗುವ ಪ್ರತಿಯೊಬ್ಬ ಆಟಗಾರನ ಎದುರು ಒಂದೇ ಪ್ರಶ್ನೆ: ವಾಪಸ್ ಬರೋದಾ, ಬೇಡವಾ?

ಆ ವರ್ಷ ನವೆಂಬರ್ 8ರಂದು ತಂಡ ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಬೇಕಿತ್ತು. ಆರು ಜನ ಒಂದು ಚಿಕ್ಕ ವಿಮಾನದಲ್ಲಿ ಹೊರಟರು. ಇಂಗ್ಲಿಷ್ ಕಾಲುವೆಯ ಮೇಲೆ ವಿಮಾನ ಕಾಣೆಯಾಯಿತು. ಆರೂ ಜನ ಹೋದರು. ತಂಡದ ಕಾಲುಭಾಗವೇ ಹೋದಂತೆ. ಆ ದುಃಖ ಆರುವ ಮೊದಲೇ, ಡಿಸೆಂಬರ್‌ನಲ್ಲಿ, ಎಲ್‌ಟಿಸಿ ತಂಡ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆಯೋ ಸ್ಪೆಂಗ್ಲರ್ ಕಪ್‌ಗೆ ಹೋಯಿತು. ಅಲ್ಲಿ ಹೋಟೆಲಿನಲ್ಲಿ ಆಟಗಾರರೆಲ್ಲ ಸೇರಿ ಕೂತರು. ಎಲ್ಲರೂ ಒಟ್ಟಿಗೆ ಇಲ್ಲೇ ಉಳಿದುಬಿಡೋಣವಾ? ಹೊರಗಿದ್ದೇ ಒಂದು ತಂಡ ಕಟ್ಟೋಣವಾ? ಅದನ್ನು ಮತಕ್ಕೇ ಹಾಕಿದರು. ಬೇಡ, ಹೋಗೋಣ ಅನ್ನೋ ಮಾತೇ ಗೆದ್ದಿತು. ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ, ಅಪ್ಪ ಅಮ್ಮ ಇದ್ದಾರೆ. ನಾವಿಲ್ಲಿ ಉಳಿದರೆ ಅವರ ಗತಿ ಏನು? ವಾಪಸ್ ಹೋಗೋಣ ಅಂದವರಲ್ಲಿ ಮೊಡ್ರಿ ಮುಂದಿದ್ದ.

ಮೊಡ್ರಿಗೆ ಹೊರಗೆ ಹೋಗಿ ಆಡೋ ಆಸೆ ಇರಲಿಲ್ಲ ಅಂತಲ್ಲ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಆಡುವ ಅವಕಾಶ ಅವನ ಬಾಗಿಲಿಗೆ ಬಂದಿತ್ತು. ಆದರೆ ಕದ್ದು ಹೋಗೋದು ಅವನಿಗೆ ಬೇಡ. ಅರ್ಜಿ ಕೊಟ್ಟು, ಅನುಮತಿ ಪಡೆದು, ಹೆಂಡತಿ ಮಕ್ಕಳ ಸಮೇತ ಮುಂಬಾಗಿಲಿಂದ ಹೋಗಬೇಕು ಅಂತ ಅವನ ಲೆಕ್ಕ. ಸರ್ಕಾರ ಕಾಯಿಸಿತು. ಅವನೂ ಕಾದ. 1949ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೆನಡಾವನ್ನು 3–2ರಿಂದ ಸೋಲಿಸಿ ತಂಡ ಮತ್ತೆ ವಿಶ್ವ ಚಾಂಪಿಯನ್ ಆಯಿತು. ವಿಮಾನದಲ್ಲಿ ಆರು ಜನರನ್ನು ಕಳೆದುಕೊಂಡು ಮೂರು ತಿಂಗಳಿಗೆ! ಗೋಲಿನಲ್ಲಿ ನಿಂತವನು ಮೊಡ್ರಿ. ಅನುಮತಿ ಮಾತ್ರ ಬರಲಿಲ್ಲ.

ಆ ತಂಡದಲ್ಲಿ ಡ್ರೊಬ್ನಿ ಇರಲಿಲ್ಲ. ಅವನು ಆ ಹೊತ್ತಿಗೆ ಟೆನಿಸ್ ಕಡೆಗೇ ವಾಲಿದ್ದ. 1949ರ ಜುಲೈ ಮೊದಲಿಗೆ ವಿಂಬಲ್ಡನ್ ಫೈನಲ್ ಆಡಿ ಐದು ಸೆಟ್‌ಗಳಲ್ಲಿ ಅಮೆರಿಕದ ಟೆಡ್ ಶ್ರೋಡರ್‌ಗೆ ಸೋತ. ಅಲ್ಲಿಂದ ಡೇವಿಸ್ ಕಪ್ ಜೊತೆಗಾರ ವ್ಲಾಡಿಮಿರ್ ಚೆರ್ನಿಕ್ ಜೊತೆ ಸ್ವಿಟ್ಜರ್ಲೆಂಡಿನ ಗ್‌ಸ್ಟಾಡ್ ಅನ್ನೋ ಊರಿಗೆ ಟೂರ್ನಿಗೆ ಹೋದ. ಅಲ್ಲಿಗೆ ಪ್ರಾಗ್‌ನಿಂದ ಆಜ್ಞೆ ಬಂತು: ಆ ಟೂರ್ನಿಯಲ್ಲಿ ಜರ್ಮನಿಯವರು, ಸ್ಪೇನಿನವರು ಆಡುತ್ತಿದ್ದಾರೆ, ನೀವು ಆಡಕೂಡದು, ಕೂಡಲೇ ಹೊರಟು ಬನ್ನಿ.

ಇಬ್ಬರೂ ಹೋಗಲಿಲ್ಲ. ಇಲ್ಲೇ ಇರ್ತೀವಿ ಅಂದರು. ಡ್ರೊಬ್ನಿ ಕೈಯಲ್ಲಿ ಆಗ ಇದ್ದದ್ದು ಒಂದೆರಡು ಶರ್ಟು, ಹಲ್ಲುಜ್ಜೋ ಬ್ರಷ್ಷು, 50 ಡಾಲರ್. ವಯಸ್ಸು ಇಪ್ಪತ್ತೇಳು. ನಮ್ಮಲ್ಲಿ ಬಹಳ ಜನ ಮೊದಲ ಆನ್‌ಸೈಟ್‌ಗೆ ಹೋಗೋ ವಯಸ್ಸು.

ಪ್ರಾಗ್‌ನ ಪಕ್ಷಕ್ಕೆ ಅವನು ಆ ದಿನದಿಂದ ದ್ರೋಹಿ. ಅವನಿಗೆ ದೇಶ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಇಲ್ಲದ ಟೆನಿಸ್ ಆಟಗಾರ ಅಂದರೆ ಬಸ್ಸಿಲ್ಲದ ಡ್ರೈವರ್ ಇದ್ದ ಹಾಗೆ. ವಾರಕ್ಕೊಂದು ಊರು, ತಿಂಗಳಿಗೊಂದು ದೇಶ ಸುತ್ತಲೇಬೇಕು. ಸ್ವಿಟ್ಜರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಹೀಗೆ ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ. ತೆಗೆದದ್ದು ಈಜಿಪ್ಟ್. ಆಗ ಅಲ್ಲಿ ಫಾರೂಕ್ ದೊರೆಯ ಆಳ್ವಿಕೆ. ಡ್ರೊಬ್ನಿ ಈಜಿಪ್ಟಿನ ಪ್ರಜೆಯಾದ. 1952ರಲ್ಲಿ ಆ ದೊರೆಯನ್ನೇ ಸೇನೆಯವರು ಇಳಿಸಿದರು. ಡ್ರೊಬ್ನಿಯ ಪಾಸ್‌ಪೋರ್ಟ್ ಮಾತ್ರ ಉಳಿಯಿತು.

ಹಾಕಿಯಲ್ಲೂ ಅವನಿಗೆ ಅವಕಾಶ ಇತ್ತು. ಬೋಸ್ಟನ್ ಬ್ರೂಯಿನ್ಸ್ ಅನ್ನೋ ಎನ್‌ಎಚ್‌ಎಲ್ ತಂಡ ಅವನನ್ನು ಕರೆಯಿತು. ಒಳ್ಳೆ ದುಡ್ಡು. ಆದರೆ ಆಗಿನ ಕಾಲದಲ್ಲಿ ದುಡ್ಡಿಗಾಗಿ ಆಡುವವರಿಗೆ ವಿಂಬಲ್ಡನ್ ಬಾಗಿಲು ಮುಚ್ಚಿತ್ತು. ವೃತ್ತಿ ಆಟಗಾರರನ್ನು ವಿಂಬಲ್ಡನ್ ಒಳಗೆ ಬಿಟ್ಟುಕೊಂಡದ್ದು 1968ರಲ್ಲಿ. ಹಾಕಿಗೆ ಸಹಿ ಹಾಕಿದರೆ ಟೆನಿಸ್ ಹೋಗುತ್ತೆ. ಡ್ರೊಬ್ನಿ ಬೇಡ ಅಂದ. ಮನೆಯೂ ಇಲ್ಲದ ಕಾಲದಲ್ಲಿ ಒಳ್ಳೆ ಪ್ಯಾಕೇಜ್ ಬಿಟ್ಟ ಮನುಷ್ಯ.

ಈಗ ವಾಪಸ್ ಬಂದವರ ಕಡೆ ನೋಡೋಣ.

1950ರ ಮಾರ್ಚ್ 11. ವಿಶ್ವ ಚಾಂಪಿಯನ್ ತಂಡ ಲಂಡನ್‌ಗೆ ಹೊರಟು ಪ್ರಾಗ್ ವಿಮಾನ ನಿಲ್ದಾಣದಲ್ಲಿತ್ತು. ವಿಮಾನ ಹತ್ತಲು ಬಿಡಲಿಲ್ಲ. ನಮ್ಮ ರೇಡಿಯೊ ವರದಿಗಾರರಿಗೆ ಬ್ರಿಟನ್ ವೀಸಾ ಕೊಟ್ಟಿಲ್ಲ, ಅದಕ್ಕೆ ತಂಡ ಹೋಗುತ್ತಿಲ್ಲ ಅಂತ ಕಾರಣ ಹೇಳಿದರು. ಅದು ನೆಪ ಅಂತ ಆಟಗಾರರಿಗೆ ಗೊತ್ತಾಯಿತು. ಎರಡು ದಿನ ಬಿಟ್ಟು, 13ನೇ ತಾರೀಕು, ಪ್ರಾಗ್‌ನ ‘ಉ ಹೆರ್ಟ್ಸ್‌ಲಿಕು’ ಅನ್ನೋ ಬಿಯರ್ ಅಂಗಡಿಯಲ್ಲಿ ಸೇರಿದರು. ಕುಡಿದರು. ಸರ್ಕಾರವನ್ನು ಬೈದರು, ಕೂಗಿದರು. ಸಿಟ್ಟು ಬಂದ ಹುಡುಗರು ಬೇರೇನು ಮಾಡ್ತಾರೆ? ಆದರೆ ಅಂಗಡಿಯಲ್ಲಿ ಮಫ್ತಿ ಪೊಲೀಸರೂ ಕೂತಿದ್ದರು. ಅಲ್ಲಿಂದ ನೇರ ಬಂಧನ.

ಮೊಡ್ರಿ ಅವತ್ತು ಆ ಅಂಗಡಿಯಲ್ಲಿ ಇರಲೇ ಇಲ್ಲ. ಆ ಹೊತ್ತಿಗೆ ಅವನು ರಾಷ್ಟ್ರೀಯ ತಂಡದಲ್ಲೂ ಇರಲಿಲ್ಲ. ಆದರೂ ಅವನನ್ನು ಹಿಡಿದರು. ಅವನೇ ಇದಕ್ಕೆಲ್ಲ ಮುಖಂಡ ಅಂದರು. ತಿಂಗಳುಗಟ್ಟಲೆ ವಿಚಾರಣೆ, ಹೊಡೆತ. ಅಕ್ಟೋಬರ್‌ನಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು. ದೇಶದ್ರೋಹ, ಬೇಹುಗಾರಿಕೆ ಅಂತ ಆರೋಪ. ಹನ್ನೊಂದು ಆಟಗಾರರಿಗೆ ಶಿಕ್ಷೆ. ಮೊಡ್ರಿಗೆ 15 ವರ್ಷ, ಎಲ್ಲರಿಗಿಂತ ಹೆಚ್ಚು. ಗುಸ್ತಾವ್ ಬುಬ್ನಿಕ್‌ಗೆ 14, ಅವನಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಸ್ಟಾನಿಸ್ಲಾವ್ ಕೊನೊಪಾಸೆಕ್‌ಗೆ 12. ಬಿಯರ್ ಅಂಗಡಿಯವನಿಗೂ ಜೈಲು.

ಇಲ್ಲೊಂದು ವಿಷಯ ಗಮನಿಸಿ. ದಾವೋಸ್‌ನಲ್ಲಿ ಓಡಿಹೋಗಲು ಬಾಗಿಲು ತೆರೆದಿದ್ದಾಗ ವಾಪಸ್ ಬಂದವರು ಇವರು. ‘ಓಡಿಹೋಗಲು ಸಂಚು ಮಾಡಿದ್ದೀರಿ’ ಅಂತ ಶಿಕ್ಷೆ ಆಗಿದ್ದೂ ಇವರಿಗೇ. ನಿಯಮದ ಪ್ರಕಾರ ಅರ್ಜಿ ಕೊಟ್ಟು ಕಾದ ಎಂಜಿನಿಯರ್‌ಗೆ ಎಲ್ಲರಿಗಿಂತ ದೊಡ್ಡ ಶಿಕ್ಷೆ.

ಹಲವರನ್ನು ಯಾಹಿಮೊವ್ ಅನ್ನೋ ಜಾಗಕ್ಕೆ ಕಳಿಸಿದರು. ಯುರೇನಿಯಂ ಗಣಿ. ಈ ಊರಿನ ಚರಿತ್ರೆಯೇ ಒಂದು ಪುಸ್ತಕ ಆಗಬಹುದು. ಜರ್ಮನ್ ಭಾಷೆಯಲ್ಲಿ ಇದರ ಹೆಸರು ಯೋಕಿಮ್ಸ್‌ಟಾಲ್. ಹದಿನಾರನೇ ಶತಮಾನದಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿ, ಆ ಬೆಳ್ಳಿಯಿಂದ ನಾಣ್ಯ ಹೊಡೆದರು. ಅದಕ್ಕೆ ಯೋಕಿಮ್ಸ್‌ಟಾಲರ್ ಅಂತ ಹೆಸರು, ಆಮೇಲೆ ಚಿಕ್ಕದಾಗಿ ಟಾಲರ್. ನಾವು ದಿನಾ ಬೆಳಗ್ಗೆ ರೇಟ್ ನೋಡೋ ‘ಡಾಲರ್’ ಅನ್ನೋ ಪದ ಹುಟ್ಟಿದ್ದು ಅಲ್ಲಿಂದ. ಮುಂದೆ ಆಸ್ಟ್ರಿಯಾ ಸಾಮ್ರಾಜ್ಯದ ಕಾಲದಲ್ಲಿ ಇದೇ ಗಣಿಯ ಅದಿರಿನಿಂದ ಮೇರಿ ಕ್ಯೂರಿ ರೇಡಿಯಂ ಕಂಡುಹಿಡಿದರು. 1950ರ ಹೊತ್ತಿಗೆ ಇಲ್ಲಿನ ಯುರೇನಿಯಂ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಅಗೆಯುತ್ತಿದ್ದವರಲ್ಲಿ ರಾಜಕೀಯ ಕೈದಿಗಳೂ ಇದ್ದರು. ಕೈಯಲ್ಲಿ ಸ್ಟಿಕ್ ಹಿಡಿದು ಕೆನಡಾವನ್ನು ಸೋಲಿಸಿದ್ದವರು ಅಲ್ಲಿ ವಿಕಿರಣ ಸೂಸುವ ಕಲ್ಲು ಹೊತ್ತರು.

ಇನ್ನು ಬಂತು 1954. ಈ ವರ್ಷದ ಬಗ್ಗೆ ನಿಧಾನಕ್ಕೆ ಹೇಳ್ತೀನಿ.

ಆ ವರ್ಷದ ಆರಂಭದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್. ಸೋವಿಯತ್ ತಂಡ ಮೊದಲ ಸಲ ಆಡಲು ಬಂದು ಮೊದಲ ಸಲವೇ ಗೆದ್ದಿತು. ಆರು ವರ್ಷದ ಹಿಂದೆ, 1948ರಲ್ಲಿ, ಈ ಆಟ ಹೇಗೆ ಆಡೋದು ಅಂತ ನೋಡಿ ಕಲಿಯಲು ಅವರು ಮಾಸ್ಕೊಕ್ಕೆ ಕರೆಸಿಕೊಂಡದ್ದು ಯಾರನ್ನು ಗೊತ್ತಾ? ಮೊಡ್ರಿಯ ಎಲ್‌ಟಿಸಿ ತಂಡವನ್ನೇ. ಶಿಷ್ಯರು ಚಿನ್ನ ಹಿಡಿದು ನಿಂತಾಗ ಮೇಷ್ಟ್ರುಗಳು ಅವರಿಗೇ ಯುರೇನಿಯಂ ತೆಗೆದುಕೊಡುವ ಶಿಕ್ಷೆ ಅನುಭವಿಸುತ್ತಿದ್ದರು.

ಜುಲೈನಲ್ಲಿ ವಿಂಬಲ್ಡನ್. ಡ್ರೊಬ್ನಿಗೆ ಮೂವತ್ತೆರಡು. ಫ್ರೆಂಚ್ ಚಾಂಪಿಯನ್‌ಷಿಪ್ ಅನ್ನು 1951, 1952ರಲ್ಲಿ ಎರಡು ಸಲ ಗೆದ್ದಿದ್ದ. ವಿಂಬಲ್ಡನ್ ಫೈನಲ್ ಅನ್ನು 1949, 1952ರಲ್ಲಿ ಎರಡು ಸಲ ಸೋತಿದ್ದ. 1953ರಲ್ಲಿ ಬಡ್ಜ್ ಪ್ಯಾಟಿ ಜೊತೆ 93 ಗೇಮುಗಳ ಪಂದ್ಯವಾಡಿ, ಆರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದು, ಆ ಆಯಾಸದಲ್ಲೇ ಮುಂದೆ ಸೋತಿದ್ದ. ಇನ್ನು ಇವನ ಕಾಲ ಮುಗಿಯಿತು ಅಂತಲೇ ಎಲ್ಲರ ಮಾತು. 1954ರ ಶ್ರೇಯಾಂಕದಲ್ಲಿ ಅವನಿಗೆ 11ನೇ ಜಾಗ. ಹಾಕಿ ಆಡುವಾಗ ಕಣ್ಣಿಗೆ ಬಿದ್ದ ಪೆಟ್ಟಿನಿಂದ ಕಪ್ಪು ಕನ್ನಡಕ ಹಾಕಿಕೊಂಡೇ ಆಡುತ್ತಿದ್ದ. ಎಡಗೈ ಆಟಗಾರ. ಫೈನಲ್‌ನಲ್ಲಿ ಎದುರಿಗೆ ಹತ್ತೊಂಬತ್ತು ವರ್ಷದ ಆಸ್ಟ್ರೇಲಿಯಾ ಹುಡುಗ ಕೆನ್ ರೋಸ್‌ವಾಲ್. 13–11, 4–6, 6–2, 9–7. ಡ್ರೊಬ್ನಿ ಗೆದ್ದ. ದೇಶವಿಲ್ಲದೆ ಐದು ವರ್ಷ ಸುತ್ತಿದವನಿಗೆ ಲಂಡನ್ನಿನ ಜನ ತಮ್ಮವನೇ ಗೆದ್ದ ಹಾಗೆ ಚಪ್ಪಾಳೆ ತಟ್ಟಿದರು. ಮರುವರ್ಷ ಬಂದ ಅವನ ಆತ್ಮಕಥೆಯ ಹೆಸರಿನ ಅರ್ಥ ‘ದೇಶಭ್ರಷ್ಟ ಚಾಂಪಿಯನ್’.

ಅದೇ ವಿಂಬಲ್ಡನ್‌ನಲ್ಲಿ ಹುಡುಗರ ವಿಭಾಗದ ಕಪ್ ಗೆದ್ದದ್ದು ಮದ್ರಾಸಿನ ರಾಮನಾಥನ್ ಕೃಷ್ಣನ್. ನಮ್ಮ ದೇಶದ ಪಾಸ್‌ಪೋರ್ಟಿಗೆ ಆಗ ಏಳೇ ವರ್ಷ. ಒಂದೇ ಅಂಗಳದಲ್ಲಿ, ಹೊಸದಾಗಿ ಹುಟ್ಟಿದ ದೇಶದ ಹುಡುಗನೊಬ್ಬ, ಇದ್ದ ದೇಶ ಕಳೆದುಕೊಂಡ ಗಂಡಸೊಬ್ಬ. ಇದನ್ನು ಕ್ವಿಜ್‌ಗೆ ಪ್ರಶ್ನೆ ಮಾಡಿಕೊಂಡೆ.

ಆ ಜುಲೈನಲ್ಲಿ ಮೊಡ್ರಿ, ಬುಬ್ನಿಕ್, ಕೊನೊಪಾಸೆಕ್ ಇನ್ನೂ ಕೈದಿಗಳು. ಅವರಿಗೆ ಬಿಡುಗಡೆ ಸಿಕ್ಕಿದ್ದು 1955ರಲ್ಲಿ. ಮೊಡ್ರಿ ಸೋತ ದೇಹ ಹೊತ್ತು ಮನೆಗೆ ಬಂದ. 1963ರ ಜುಲೈನಲ್ಲಿ ತೀರಿಕೊಂಡ. ವಯಸ್ಸು ನಲವತ್ತಾರು. ಗಣಿಯಲ್ಲಿ ಮೈಗೆ ಹತ್ತಿದ ವಿಕಿರಣವೇ ಕಾರಣ ಅಂತ ಹೇಳುತ್ತಾರೆ. ಈ ಆಟಗಾರರ ಮೇಲಿನ ಆರೋಪ ತಪ್ಪು ಅಂತ ಕಾಗದದ ಮೇಲೆ ಬಂದದ್ದು 1968ರಲ್ಲಿ. ಅದನ್ನು ಓದಲು ಮೊಡ್ರಿ ಇರಲಿಲ್ಲ.

ಬುಬ್ನಿಕ್ ಬದುಕಿದ. 1966ರಲ್ಲಿ ಫಿನ್ಲೆಂಡ್ ತಂಡದ ಕೋಚ್ ಆಗಿ ಹೋದ. 1967ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಅಲ್ಲಿ ಫಿನ್ಲೆಂಡ್ ಜೆಕೊಸ್ಲೊವಾಕಿಯಾವನ್ನು 3–1ರಿಂದ ಸೋಲಿಸಿತು. ಹಾಗೆ ಸೋಲಿಸಿದ್ದು ಅದೇ ಮೊದಲು. ಹದಿನಾಲ್ಕು ವರ್ಷ ಶಿಕ್ಷೆ ಕೊಟ್ಟ ದೇಶದ ವಿರುದ್ಧ ಬೆಂಚಿನಲ್ಲಿ ನಿಂತ ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ. ಎದುರಿಗಿದ್ದದ್ದು ಅವನದೇ ಭಾಷೆ ಮಾತಾಡೋ ಹುಡುಗರು. ಅವರೇನು ತಪ್ಪು ಮಾಡಿದ್ದರು?

ಡ್ರೊಬ್ನಿ ಇಂಗ್ಲೆಂಡಿನ ಟೆನಿಸ್ ಆಟಗಾರ್ತಿ ರೀಟಾ ಆಂಡರ್ಸನ್ ಅವರನ್ನು ಮದುವೆಯಾದ. 1959ರಲ್ಲಿ ಬ್ರಿಟಿಷ್ ಪ್ರಜೆಯಾದ. 1960ರಲ್ಲಿ ಆ ಹೆಸರಿನಲ್ಲಿ ಒಂದು ಸಲ ವಿಂಬಲ್ಡನ್ ಆಡಿದ. 1983ರಲ್ಲಿ ಟೆನಿಸ್‌ನವರು, 1997ರಲ್ಲಿ ಐಸ್ ಹಾಕಿಯವರು ತಮ್ಮ ತಮ್ಮ ‘ಹಾಲ್ ಆಫ್ ಫೇಮ್’ಗೆ ಅವನ ಹೆಸರು ಸೇರಿಸಿದರು. 2001ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಎಪ್ಪತ್ತೊಂಬತ್ತು ವರ್ಷದ ತುಂಬು ಬದುಕು. ಜೆಕೊಸ್ಲೊವಾಕಿಯಾ ಅನ್ನೋ ಹೆಸರಿನ ಮುಂದೆ ವಿಂಬಲ್ಡನ್ ಪುರುಷರ ಕಪ್ ಬಂದದ್ದು 1973ರಲ್ಲಿ, ಯಾನ್ ಕೊಡೆಶ್ ಗೆದ್ದಾಗ. ಪಟ್ಟಿಯ ಲೆಕ್ಕದಲ್ಲಿ ಅದು ಆ ದೇಶದ ಮೊದಲ ಗೆಲುವು. ಪ್ರಾಗ್‌ನ ಅಂಗಳದಲ್ಲಿ ಚೆಂಡು ಹೆಕ್ಕಿದ ಹುಡುಗನ ಗೆಲುವು ಈಜಿಪ್ಟಿನ ಖಾತೆಯಲ್ಲೇ ಇದೆ.

ಇಷ್ಟು ಓದಿದ ಮೇಲೆ ನಿಮಗೊಂದು ನೀತಿ ಹೊಳೆದಿರಬಹುದು: ‘ನೋಡಿ, ಹೋದವನು ಗೆದ್ದ, ವಾಪಸ್ ಬಂದವನು ಸತ್ತ.’ ಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಅದು ತಪ್ಪು ಲೆಕ್ಕ ಅಂತ ಅನ್ನಿಸುತ್ತೆ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ಆಮೇಲೆ ಒಂದು ಮೀಟಿಂಗ್ ಮಾಡ್ತೀವಲ್ಲ, ಏನಾಯಿತು, ಯಾಕಾಯಿತು ಅಂತ. ಅಲ್ಲಿ ಒಳ್ಳೆ ಮ್ಯಾನೇಜರ್ ಒಂದು ಮಾತು ಹೇಳ್ತಾನೆ: ಆ ಹುಡುಗ ಬಟನ್ ಒತ್ತಿದಾಗ ಅವನಿಗೆ ಏನು ಗೊತ್ತಿತ್ತು ಅಂತ ನೋಡಿ, ಈಗ ನಿಮಗೆ ಗೊತ್ತಿರೋದರಿಂದ ಅವನನ್ನು ಅಳೆಯಬೇಡಿ. ಅದನ್ನು ಇಲ್ಲಿಗೂ ಹಾಕಿ ನೋಡಿ. 1948ರ ಡಿಸೆಂಬರ್‌ನಲ್ಲಿ ದಾವೋಸ್‌ನಲ್ಲಿ ಕೂತವರಿಗೆ 1950ರ ಮಾರ್ಚ್ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನೆಯಲ್ಲಿ ಕಾಯುತ್ತಿರೋ ಮುಖಗಳು. 1949ರ ಜುಲೈನಲ್ಲಿ ಗ್‌ಸ್ಟಾಡ್‌ನಲ್ಲಿ ನಿಂತ ಡ್ರೊಬ್ನಿಗೆ 1954 ಗೊತ್ತಿರಲಿಲ್ಲ. ಗೊತ್ತಿದ್ದದ್ದು 50 ಡಾಲರ್ ಮತ್ತು ಇನ್ನು ಊರು ಕಾಣಲಾರೆ ಅನ್ನೋ ಭಯ. ಒಬ್ಬ ಬುದ್ಧಿವಂತ, ಇನ್ನೊಬ್ಬ ದಡ್ಡ ಅಂತ ಬರೆಯುವಂಥದ್ದು ಇಲ್ಲಿ ಏನೂ ಇಲ್ಲ. ತಪ್ಪು ಬಾಗಿಲಿಗೆ ಬೀಗ ಹಾಕಿದವರದು. ಹೋಗಿ ಬರುವ ಮಾಮೂಲಿ ವಿಷಯವನ್ನು ಜೀವ ಸಾವಿನ ಪ್ರಶ್ನೆ ಮಾಡಿದವರದು.

ನಾನೂ ಎರಡು ವರ್ಷ ಆನ್‌ಸೈಟ್ ಇದ್ದು ವಾಪಸ್ ಬಂದವನು. ನನ್ನದು ಅವರ ಕಷ್ಟದ ಪಕ್ಕದಲ್ಲಿ ಇಡುವಂಥದ್ದೇ ಅಲ್ಲ, ಗೊತ್ತು. ನಾನು ಹೋಗಿದ್ದೂ ಪಾಸ್‌ಪೋರ್ಟ್ ಇಟ್ಟುಕೊಂಡು, ಬಂದಿದ್ದೂ ಪಾಸ್‌ಪೋರ್ಟ್ ಇಟ್ಟುಕೊಂಡು. ಆದರೂ ಬಂದ ಮೇಲೆ ಸಿಕ್ಕವರೆಲ್ಲ ತೀರ್ಪು ಕೊಟ್ಟರು. ಕೆಲವರು ‘ದಡ್ಡ, ಗ್ರೀನ್ ಕಾರ್ಡ್ ಹತ್ತಿರ ಇತ್ತಲ್ಲೋ’ ಅಂದರು. ಕೆಲವರು ‘ಒಳ್ಳೇದು ಮಾಡಿದೆ, ಅಪ್ಪ ಅಮ್ಮನ್ನ ನೋಡ್ಕೋಬೇಕು’ ಅಂದರು. ಅಲ್ಲೇ ಉಳಿದ ಗೆಳೆಯನಿಗೂ ಇದೇ ಎರಡು ಮಾತು ಉಲ್ಟಾ ಆಗಿ ಸಿಗುತ್ತಿರುತ್ತೆ. ನಾವಿಬ್ಬರೂ ನಿರ್ಧಾರ ಮಾಡಿದ ದಿನ ನಮಗೆ ಗೊತ್ತಿದ್ದದ್ದು ಬಹಳ ಕಡಿಮೆ. ಊರಿಗೆ ಹೋದಾಗ ಅಪ್ಪ ಮಾತ್ರ ಏನೂ ಕೇಳಲಿಲ್ಲ. ‘ಕೈಕಾಲು ತೊಳ್ಕೊಂಡು ಬಾ, ಊಟ ಮಾಡು’ ಅಂದರು. ಮೊಡ್ರಿ ಮನೆಯವರು 1955ರಲ್ಲಿ ಅವನಿಗೆ ಏನು ಹೇಳಿರಬಹುದು ಅಂತ ಈ ಕಥೆ ಓದಿದಾಗಲೆಲ್ಲ ಯೋಚನೆ ಬರುತ್ತೆ.

ಕ್ವಿಜ್ ಏನಾಯಿತು ಅಂತ ಕೇಳ್ತೀರಾ? ಟೇಬಲ್ ಬದಲಾಯಿಸಿದೆ. ದೇಶದ ಕಾಲಂ ಅನ್ನು ಆಟಗಾರನ ಟೇಬಲ್ಲಿನಿಂದ ತೆಗೆದು ಪಂದ್ಯದ ಟೇಬಲ್ಲಿಗೆ ಹಾಕಿದೆ. ದೇಶ ಅನ್ನೋದು ಮನುಷ್ಯನಿಗೆ ಅಂಟಿಕೊಂಡೇ ಇರೋ ಗುಣ ಅಂದುಕೊಂಡಿದ್ದೆ. ಅಲ್ಲ, ಅದು ಆ ದಿನದ ವಿಷಯ. ಹೆಸರು ಮತ್ತು ಹುಟ್ಟಿದ ಊರು ಇದ್ದಲ್ಲೇ ಇದೆ: ಯಾರೊಸ್ಲಾವ್ ಡ್ರೊಬ್ನಿ, ಪ್ರಾಗ್. ಬೊಹುಮಿಲ್ ಮೊಡ್ರಿ, ಪ್ರಾಗ್. ಅದಾದ ಮೇಲೆ ಎರರ್ ಬರಲಿಲ್ಲ.

ಶುಕ್ರವಾರ ಪ್ರಶ್ನೆ ಕೇಳಿದೆ: ‘ಐಸ್ ಹಾಕಿಯಲ್ಲಿ ವಿಶ್ವ ಚಾಂಪಿಯನ್ ಆಗಿ, ಈಜಿಪ್ಟ್ ಹೆಸರಿನಲ್ಲಿ ವಿಂಬಲ್ಡನ್ ಗೆದ್ದವನು ಯಾರು?’ ಯಾರಿಗೂ ಗೊತ್ತಿರಲಿಲ್ಲ. ಉತ್ತರ ಹೇಳಿದೆ. ಪಿಜ್ಜಾ ತಣ್ಣಗಾಗುವವರೆಗೂ ಕಥೆ ಹೇಳಿದೆ. ಕೊನೆಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕೇಳಿದ್ದು ಡ್ರೊಬ್ನಿ ಬಗ್ಗೆ ಅಲ್ಲ. ‘ಸರ್, ಆ ಗೋಲ್‌ಕೀಪರ್ ಹೆಸರು ಇನ್ನೊಂದ್ಸಲ ಹೇಳಿ’ ಅಂದಳು.